ಥಂಡಿ ತಾಳುವ ಮೀನು

ಮೀನಿಲ್ಲದ ಗಾಜಿನ ಪೆಟ್ಟಿಗೆಯಲ್ಲಿ ನೀರೊಂದೇ ನಡುಗುತ್ತಿತ್ತು. ಗೋಡೆಯ ಆಚೆ ಮಗ್ಗಗಳು ಶುರುವಾಗಿದ್ದವು. ಅವುಗಳ ಒಂದೊಂದು ಹೊಡೆತವೂ ನೆಲದೊಳಗಿಂದ ಹಾದು ಬಂದು, ಕಬ್ಬಿಣದ ಸ್ಟ್ಯಾಂಡಿನ ಕಾಲು ಹತ್ತಿ, ನೀರಿನ ಮೇಲೆ ಸಣ್ಣ ಗೆರೆ ಎಳೆದು ಅಳಿಸಿ ಮತ್ತೆ ಎಳೆಯುತ್ತಿತ್ತು. ಚನಮಲ್ಲಪ್ಪ ಅಂಗಿಯ ಗುಂಡಿಗಳನ್ನು ಅರ್ಧಕ್ಕೇ ಬಿಟ್ಟು, ಥರ್ಮಾಮೀಟರನ್ನು ನೀರಿನಿಂದ ಎತ್ತಿ ಬಾಗಿಲಿನ ಬೆಳಕಿಗೆ ಹಿಡಿದ. ಹದಿನೇಳು. ನಿನ್ನೆಯೂ ಅಷ್ಟೇ ಇತ್ತು. ಮೀನೇ ಇಲ್ಲದ ನೀರಿನ ಕಾವು ನೋಡುವುದೆಂದರೆ ರೋಗಿಯನ್ನು ಮಣ್ಣು ಮಾಡಿ ಬಂದು ಜ್ವರ ನೋಡಿದ ಹಾಗೆ ಎಂದು ಅವನಿಗೇ ಅನ್ನಿಸಿತು. ಹಾಗೆ ಅನ್ನಿಸುವಷ್ಟರಲ್ಲಿ ಬೆನ್ನ ಹಿಂದಿನಿಂದ ಮಾವ ಶಿದ್ರಾಮಪ್ಪನ ದನಿ ಬಂತು. "ಏನಂತೈತ್ರೀ ಅಳಿಯಾರ ನಿಮ್ಮ ನೀರು? ಜ್ವರಾ ಇಳಿದೈತೇನು?"

ಇದೇ ಅವನಿಗೆ ತಡೆಯಲಾರದ್ದು. ತನ್ನನ್ನು ತಾನು ಬೈದುಕೊಳ್ಳಲು ಒಂದು ಮಾತು ಸಿಕ್ಕರೆ ಅದನ್ನೂ ಶಿದ್ರಾಮಪ್ಪ ಮೊದಲೇ ಆಡಿಬಿಡುತ್ತಾನೆ. ಈ ಮನೆಯಲ್ಲಿ ಹೀಯಾಳಿಕೆ ಕೂಡ ತನ್ನ ಸ್ವಂತದ್ದಲ್ಲ. ಶಿದ್ರಾಮಪ್ಪ ನೂಲಿನ ಗಂಟೊಂದನ್ನು ಕಂಕುಳಲ್ಲಿ ಹಿಡಿದು, ಹಣೆಯ ಮೇಲಿನ ವಿಭೂತಿ ಬೆವರಿಗೆ ಇನ್ನೂ ಅಳಿಯದೆ, ಮಗ್ಗದ ಮನೆಗೆ ಹೊರಟು ನಿಂತಿದ್ದ. "ಇವತ್ತ ತರಾವರಂತ ಹೌದಲ್ರಿ? ತರ್ರಿ. ನಾ ಯಾವಾಗ ಬ್ಯಾಡ ಅಂದೀನಿ? ಖರೆ ಇದು ಕಡೀ ಸಲ ನೋಡ್ರಿ. ಈ ಸಲಾನೂ ಸತ್ತೂ ಅಂದ್ರ ಪೆಟ್ಟಿಗಿ ತುಂಬ ನೂಲಿನ ಕಂಡಿಕಿ ಹಾಕಿ ಮಗ್ಗದ ಬಾಜೂಕ ಇಡ್ತೀನಿ. ನೂಲು ಸುತ್ತಿದ್ದು ಎಷ್ಟ ಐತಿ, ಎಷ್ಟ ಇಲ್ಲ, ಹೊರಗಿಂದಽ ಕಾಣತೈತಿ." ಎರಡು ಹೆಜ್ಜೆ ಹೋದವನು ತಿರುಗಿ, ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿಗೂ ಕೇಳಲಿ ಎಂಬ ಹಾಗೆ ಅಂದ. "ಮೀನಾ ತಿನ್ನಾವರ ಮನ್ಯಾಗೂ ಇಷ್ಟ ಮೀನ ಸತ್ತಿರಾಕಿಲ್ಲ ಬಿಡ್ರಿ. ನಮ್ಮದು ಲಿಂಗವಂತರ ಮನಿ!" ಒಳಗಿಂದ ಅತ್ತೆ ಗುರುಬಸವ್ವನ ನಗೆ ಕೇಳಿಸಿತು. ಹೆಂಡತಿ ಮಾದೇವಿಯ ನಗೆಯೂ ಅದರಲ್ಲಿ ಸೇರಿತ್ತೋ ಇಲ್ಲವೋ ಎಂದು ಅವನು ಕಿವಿಗೊಟ್ಟು, ಕಿವಿಗೊಟ್ಟದ್ದಕ್ಕೆ ನಾಚಿಕೊಂಡು, ಉಳಿದ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡ.

ಬೀಳಗಿಯಿಂದ ಈ ಮನೆಗೆ ಅಳಿಯನಾಗಿ ಬಂದು ಉಳಿದವನು ಅವನು. ಒಬ್ಬಳೇ ಮಗಳು, ಕಳಿಸಲಾರೆವು, ನೀವೇ ಬನ್ನಿ ಎಂದಿದ್ದರು. ಮನೆಯಲ್ಲಿ ನಾಲ್ಕನೆಯ ಮಗನಾಗಿದ್ದವನಿಗೆ ಹೋಗಬೇಡ ಅನ್ನುವವರು ಬೀಳಗಿಯಲ್ಲಿ ಯಾರೂ ಇರಲಿಲ್ಲ. ಜಮಖಂಡಿಯ ಕಾಲೇಜಿನ ಲ್ಯಾಬಿನಲ್ಲಿ ಸಹಾಯಕನ ಕೆಲಸ, ಬನಹಟ್ಟಿಯಿಂದ ಬಸ್ಸಿಗೆ ಹೋಗಿ ಬರುವುದು, ಏನು ಕಷ್ಟ? ಕಷ್ಟವೇನೂ ಇರಲಿಲ್ಲ. ಇಲ್ಲಿ ಉಣ್ಣುವ ತಾಟಿನ ಅಂಚಿಗೆ ಮಾವನ ಹೆಸರು ಕೊರೆದಿತ್ತು. ಮಲಗುವ ಮಂಚ ಅತ್ತೆಯ ತವರಿನದು. ಮಾಳಿಗೆಯ ಕೋಣೆಯ ಫ್ಯಾನು ತಿರುಗುವಾಗ ಕೂಡ ಯಾರದೋ ಅಪ್ಪಣೆ ಕೇಳಿ ತಿರುಗಿದಂತೆ ನಿಧಾನವಾಗಿ ತಿರುಗುತ್ತಿತ್ತು. ಯಾರೂ ಏನೂ ಅಂದವರಲ್ಲ. ಊಟಕ್ಕೆ ಕೂತಾಗ ಮೊದಲ ರೊಟ್ಟಿ ಅವನಿಗೇ. ಆದರೆ ರೊಟ್ಟಿ ಮುಗಿದಂತೆ ತಾಟಿನ ಅಂಚಿನ ಅಕ್ಷರ ಒಂದೊಂದಾಗಿ ಹೊರಗೆ ಬರುವುದನ್ನು ಅವನು ನೋಡುತ್ತಿದ್ದ. ಈ ಗಾಜಿನ ಪೆಟ್ಟಿಗೆಯೊಂದೇ ಅವನು ತನ್ನ ಪಗಾರದಲ್ಲಿ ತಂದದ್ದು, ತನಗೆ ಬೇಕೆಂದು ತಂದದ್ದು, ಯಾಕೆ ಬೇಕು ಎಂದು ಯಾರಿಗೂ ಹೇಳಲಾಗದೆ ತಂದದ್ದು. ಮೊದಲ ದಿನ ಮಾದೇವಿ ಅದರ ಮುಂದೆ ಮೊಣಕಾಲೂರಿ ಕೂತು, "ಇದು ನಮ್ಮದೇನ್ರಿ?" ಎಂದು ಕೇಳಿದ್ದಳು. ನಮ್ಮದು ಎಂದರೆ ಅವರಿಬ್ಬರದು. ಆ ಮಾತಿನ ಸುಖ ಒಂದು ವಾರ ಬಾಳಿಕೆ ಬಂತು.

ದೀಪಾವಳಿ ಕಳೆದು ಥಂಡಿ ಬಿದ್ದದ್ದೇ ಮೀನು ಸಾಯತೊಡಗಿದವು. ಮೊದಲು ಹೋದವು ಅಗಲ ರೆಕ್ಕೆಯ, ಪಟ್ಟೆ ಪಟ್ಟೆಯವು. ಆಮೇಲೆ ಕಪ್ಪನೆಯವು, ಆಮೇಲೆ ಎಲ್ಲರೂ ಸಾಯುವುದೇ ಇಲ್ಲ ಎನ್ನುವ, ನವಿಲಿನ ಬಾಲದ ಸಣ್ಣವು. ಬೆಳಿಗ್ಗೆ ಅವನು ಮಾಳಿಗೆ ಇಳಿದು ಬರುವಷ್ಟರಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು, ಬಾಯಿ ಮಾತ್ರ ಏನೋ ಹೇಳಲು ಹೊರಟ ಹಾಗೆ ತೆರೆದಿರುತ್ತಿತ್ತು. ಬಿಸಿಲು ದೇಶದ ಮೀನು, ಇಲ್ಲಿನ ಡಿಸೆಂಬರು ತಾಳಲಿಲ್ಲ, ಅಷ್ಟೇ. ನೀರು ಕಾಯಿಸುವ ರಾಡು ಬರುತ್ತದಂತೆ, ಕೊಲ್ಲಾಪುರದಲ್ಲಿ ಸಿಗುತ್ತದಂತೆ ಎಂದು ಒಮ್ಮೆ ಊಟದ ಹೊತ್ತಿಗೆ ಬಾಯಿ ಬಿಟ್ಟಿದ್ದ. "ಮಗ್ಗಕ್ಕಽ ಕರೆಂಟ ಇಲ್ಲ, ಮೀನಕ್ಕ ಎಲ್ಲಿಂದ ತರೂಣ್ರೀ?" ಎಂದು ಮಾವ ಸಾರು ಸುರಿಯುತ್ತ ಕೇಳಿದ್ದ. ಸಿಟ್ಟಿನಿಂದಲ್ಲ, ಉತ್ತರ ಬೇಕೆಂಬ ಹಾಗೆಯೇ. ಪೆಟ್ಟಿಗೆಯ ಮೇಲೆ ದೊಡ್ಡ ಬಲ್ಬೊಂದನ್ನು ತೂಗುಬಿಟ್ಟು ನೋಡಿದ. ನಸುಕಿನಲ್ಲಿ ತಪ್ಪದೆ ಹೋಗುವ ಕರೆಂಟಿನ ಜೊತೆ ಅದೂ ಹೋಗುತ್ತಿತ್ತು. ಸತ್ತವುಗಳನ್ನು ಹಿತ್ತಲಿನ ನುಗ್ಗೆಯ ಬುಡದಲ್ಲಿ ಹೂಳುವಾಗ ಗುರುಬಸವ್ವ ಬಂದು ಒಂದು ಚಿಟಿಕೆ ವಿಭೂತಿ ಹಾಕಿ, "ಮುಂದಿನ ಜನ್ಮಕ್ಕರ ಬೆಚ್ಚಗಿನ ನೀರಾಗ ಹುಟ್ರೆವ್ವಾ" ಎಂದಿದ್ದಳು. ಅವಳು ನಿಜವಾಗಿ ಮರುಗಿದ್ದಳು, ಅದು ಅವನಿಗೂ ಗೊತ್ತಿತ್ತು. ಆದರೂ ಅದು ತನ್ನ ತಲೆಯ ಮೇಲೆಯೇ ಉದುರಿದ ಬೂದಿ ಅನ್ನಿಸಿತು.

ಇನ್ನು ತರುವುದಾದರೆ ಥಂಡಿ ತಾಳುವ ಮೀನೇ ತರಬೇಕು ಎಂದು ಆಗಲೇ ನಿಶ್ಚಯಿಸಿದ. ಅದು ನಿಶ್ಚಯವೋ ಹಟವೋ ಅವನಿಗೆ ತಿಳಿಯದು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರನ್ನು ಕೇಳಿದ. ಅವರು ಮೈಸೂರು ಕಡೆಯವರು, ಒಳ್ಳೆಯವರು, ಹುಡುಗರಿಗೆ ಪಾಠ ಮಾಡುತ್ತ ಕಪ್ಪೆ ಕೊಯ್ಯುತ್ತಿದ್ದರು. "ಸಾಯದೇ ಇರೋ ಮೀನು ಬೇಕೇನ್ರಿ? ಅಗೋ ನೋಡಿ," ಎಂದು ಕಪಾಟಿನಲ್ಲಿ ಫಾರ್ಮಾಲಿನ್ ತುಂಬಿದ ಬರಣಿಗಳನ್ನು ಕತ್ತರಿಯಿಂದ ತೋರಿಸಿದರು. ಹುಡುಗರು ನಕ್ಕರು. ಆ ಬರಣಿಗಳನ್ನು ವಾರಕ್ಕೊಮ್ಮೆ ಒರೆಸುವವನು ಅವನೇ ಆದ್ದರಿಂದ ಅವನೂ ನಗಬೇಕಾಯಿತು. ಈ ಹೊತ್ತು, ಶನಿವಾರ, ಅರ್ಧ ದಿನದ ಕಾಲೇಜು ಮುಗಿಸಿ ಹಳೆಯ ಪೇಟೆಯ ಕಡೆ ಇಳಿಯುವಾಗಲೂ ಆ ನಗೆ ಮುಖದ ಮೇಲೆ ಎಲ್ಲೋ ಅಂಟಿಕೊಂಡೇ ಇದೆ ಅನ್ನಿಸಿ, ಕರವಸ್ತ್ರದಿಂದ ಬಾಯಿ ಒರೆಸಿಕೊಂಡ.

ನಾಮದೇವನದು ಗಾಜಿನ ಅಂಗಡಿ. ದೇವರ ಫೋಟೋಗಳಿಗೆ ಕಟ್ಟು ಹಾಕುವುದು, ಕಿಟಕಿಗೆ ಗಾಜು ಕೊಯ್ಯುವುದು ಅವನ ಕಸುಬು. ಉಳಿದ ಗಾಜಿನಲ್ಲಿ ಮೀನಿನ ಪೆಟ್ಟಿಗೆ ಮಾಡತೊಡಗಿದ ಮೇಲೆ, ಪೆಟ್ಟಿಗೆ ಇದ್ದಲ್ಲಿ ಮೀನೂ ಬೇಕಲ್ಲ ಎಂದು ಶನಿವಾರ ಶನಿವಾರ ಕೊಲ್ಲಾಪುರದಿಂದ ಪ್ಲಾಸ್ಟಿಕ್ ಚೀಲಗಳಲ್ಲಿ ಮೀನು ತರಿಸುತ್ತಿದ್ದ. ಹೀಗಾಗಿ ಅಂಗಡಿಯಲ್ಲಿ ಕಣ್ಣೆತ್ತಿದರೆ ದೇವರು, ಕಣ್ಣಿಳಿಸಿದರೆ ಮೀನು. "ಬರ್ರಿ ಬರ್ರಿ, ಬನಹಟ್ಟಿ ಸಾವಕಾರ್ರ ಅಳಿಯಾರ ಬಂದ್ರು," ಎಂದು ಅವನು ಗಾಜು ಕೊಯ್ಯುವ ವಜ್ರದ ಕಡ್ಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡ. "ಹ್ಯಾಂಗದಾವ್ರಿ ಮೀನ?"

"ಸತ್ತೂ."

"ಎಲ್ಲಾ?"

"ಎಲ್ಲಾ."

"ಕಾಳು ಬಾಳ ಹಾಕಿರಬೇಕ್ರಿ."

"ಕಾಳಲ್ಲೋ ಮಾರಾಯಾ, ಥಂಡಿ. ಥಂಡಿ ತಾಳೂ ಮೀನ ಕೊಡು ಅಂತ ಹೋದ ಸಲಾನೂ ಹೇಳಿದ್ನಿ. ನೀ ಎಲ್ಲಾನೂ ತಾಳ್ತಾವು ಅಂದಿ."

"ತಾಳ್ತಾವ್ರಿ," ಎಂದ ನಾಮದೇವ ಚೂರೂ ಅಳುಕದೆ. "ನನ್ನ ಅಂಗಡ್ಯಾಗ ಥಂಡಿ ಇಲ್ಲೇನ್ರಿ? ಇಲ್ಲಿ ಹ್ಯಾಂಗ ಅದಾವು? ನೋಡ್ರಿ, ಈ ನೀಲೀವು ತಾಳ್ತಾವು. ಈ ಪಟ್ಟಿವು ಭಾಳ ತಾಳ್ತಾವು. ಇವು ಹೊಸಾವು, ಇವು ಅಂತೂ ಐಸಿನ್ಯಾಗ ಇಟ್ರೂ ತಾಳ್ತಾವು." ಬೆರಳಿನಿಂದ ಅವನು ತಟ್ಟಿದ ಗಾಜಿನ ಹಿಂದೆಲ್ಲ ಮೀನು ಬೆದರಿ ತಿರುಗಿದವು. ಚನಮಲ್ಲಪ್ಪ ಬಗ್ಗಿ ಒಂದೊಂದರ ಮೂತಿ ನೋಡಿದ. ಆ ಪೆಟ್ಟಿಗೆಗಳ ಮೇಲೆ ಬಲ್ಬು ಉರಿಯುತ್ತಿತ್ತು, ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟಿತ್ತು, ಒಳಗೆ ಅಂಟು ಕಾಸುವ ಸ್ಟವ್ ಬೇರೆ. ಇಷ್ಟು ಬೆಚ್ಚಗೆ ಕೂತವರಿಗೆ ಥಂಡಿಯ ಮಾತು ಹೇಗೆ ಗೊತ್ತಾಗಬೇಕು? ಅಂಗಡಿಯಲ್ಲಿ, ಬಸ್ಸಿನಲ್ಲಿ, ಮನೆಯಲ್ಲಿ, ಅವನಿಗೆ ಸರಿಯಾದ ಮಾತು ಯಾವಾಗಲೂ ಹೊಳೆಯುತ್ತಿತ್ತು. ಹೊಳೆದು, ಗಂಟಲಿಗೆ ಬಂದು, ಅಲ್ಲಿಂದ ಹಿಂದಕ್ಕೆ ಇಳಿಯುತ್ತಿತ್ತು.

"ಅಷ್ಟ ಥಂಡಿ ತಾಳೂವು ಬೇಕಂದ್ರ ಹಿಪ್ಪರಗಿ ಹೊಳಿಗೆ ಹೋಗ್ರಿ," ಎಂದು ನಾಮದೇವ ಬೇಸರದಿಂದ ಅಂದ. "ಕೃಷ್ಣಾದಾಗ ಸಣ್ಣಸಣ್ಣವು ಸಿಗ್ತಾವು. ಪುಕಟಿ. ಇಲ್ಲಿ ಥಂಡ್ಯಾಗಽ ಹುಟ್ಟಿ ಬೆಳದಾವು."

ಅದನ್ನು ಅವನು ಯೋಚಿಸದೆ ಇರಲಿಲ್ಲ. ಹಿಪ್ಪರಗಿಯ ದಂಡೆಗೆ ಒಂದು ಭಾನುವಾರ ಹೋಗಿ ನಿಂತೂ ಬಂದಿದ್ದ. ಬಲೆ ಜಾಡಿಸುವವರ ಕಾಲ ಬಳಿ ಬೆರಳುದ್ದದ ಬೆಳ್ಳಿ ಬಣ್ಣದವು ಬಿದ್ದು ಮಿಡುಕುತ್ತಿದ್ದವು. ಚೆಂದವೇ ಇದ್ದವು. ಆದರೆ ಅವನ್ನು ಬನಹಟ್ಟಿಯ ಆ ಪಡಸಾಲೆಯಲ್ಲಿ ಇಟ್ಟು ನೋಡಿದಾಗ ಎದೆ ಒಪ್ಪಲಿಲ್ಲ. ಹೊಳೆಯ ಮೀನು ಯಾರಾದರೂ ತಿನ್ನುವ ಮೀನು. ಅದರ ವಾಸನೆ, ಅದರ ಬುಟ್ಟಿ, ಅದನ್ನು ಮಾರುವವರ ಕೂಗು, ಎಲ್ಲ ಅದರ ಬೆನ್ನಿಗೆ ಬರುತ್ತವೆ. ಗುರುಬಸವ್ವ ಮೂಗಿಗೆ ಸೆರಗು ಹಿಡಿಯುತ್ತಾಳೆ. ಅಂಥ ಮನೆಯಲ್ಲಿ ಇರಬೇಕಾದ ಮೀನು ಥಂಡಿ ತಾಳಿದರಷ್ಟೇ ಸಾಲದು, ನೋಡಿದರೆ ಮೀನು ಅನ್ನಿಸಬಾರದು. ಹೂವು ಅನ್ನಿಸಬೇಕು, ಆಟಿಕೆ ಅನ್ನಿಸಬೇಕು. ಈ ತರ್ಕ ಅವನಿಗೆ ಸರಿ ಅನ್ನಿಸಿತು. ತಕ್ಷಣ, ತನ್ನನ್ನು ಅಳಿಯನಾಗಿ ಆರಿಸುವಾಗಲೂ ಆ ಮನೆಯವರು ಇಂಥದೇ ಏನೋ ಲೆಕ್ಕ ಹಾಕಿರಬೇಕು ಅನ್ನಿಸಿ ಮೈ ಬಿಸಿಯಾಯಿತು.

"ಬಂಗಾರ ಮೀನಾ ಕೊಡಲೇನ್ರಿ ಹಂಗಾರ?" ನಾಮದೇವ ಒಂದು ದುಂಡನೆಯ ಬರಣಿ ಎತ್ತಿ ತಂದ. ಒಳಗೆ ಕೆಂಪು ಉಂಡೆಯಂಥವು ಎರಡು, ಸೀರೆಯ ಸೆರಗು ಬಿಟ್ಟಂತೆ ಬಾಲ ಬಿಟ್ಟುಕೊಂಡು ಕಷ್ಟಪಟ್ಟು ಈಜುತ್ತಿದ್ದವು. ಇನ್ನೊಂದರಲ್ಲಿ ಕಪ್ಪನೆಯದು, ಕಣ್ಣು ಗುಡ್ಡೆ ಹೊರಗೆ ಬಂದದ್ದು, ಯಾರೋ ಕುತ್ತಿಗೆ ಹಿಸುಕುತ್ತಿದ್ದಾರೆ ಎಂಬಂತೆ ನೋಡುತ್ತಿತ್ತು. ಬಂಗಾರ ಮೀನು ಥಂಡಿಯವು ಎಂದು ಕಾಲೇಜಿನ ಲೈಬ್ರರಿಯಲ್ಲಿ ಒಂದು ಪುಟದಲ್ಲಿ ನೋಡಿದ್ದ. ಆದರೆ ಈ ಸೆರಗಿನವು, ಈ ಹೊಟ್ಟೆಯವು? ಇವುಗಳ ಮೈಕಟ್ಟೇ ಸೀಕಿನ ಮೈಕಟ್ಟು. ಅವನು ಬರಣಿಗೆ ಕೈ ಚಾಚದ್ದು ನೋಡಿ ನಾಮದೇವ, "ಚಾ ಕುಡೀರಿ ಮೊದಲ," ಎಂದು ಹಿತ್ತಲ ಬಾಗಿಲು ತೆರೆದು ಒಳಗೆ ಕೂಗಿದ. ಆ ಬಾಗಿಲಿನಿಂದ ಚಳಿಗಾಳಿ ನುಗ್ಗಿತು. ಆಚೆ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ನೀರು ತುಂಬಿಡುವ ಸಿಮೆಂಟಿನ ದೋಣಿ, ದೋಣಿಯ ಪಾಚಿ ನೀರಿನಲ್ಲಿ ಏನೋ ಒಂದು ಕೆಂಪಗೆ ಸರಕ್ಕನೆ ಹೊರಳಿತು.

"ಅವೇನೋ?"

"ಅವಾ? ಅವು ಸಾದಾವು ಬಿಡ್ರಿ. ಅವೂ ಬಂಗಾರ ಮೀನಽ. ಖರೆ ಬಾಲಾ ಇಲ್ಲ, ಬಣ್ಣಾ ಇಲ್ಲ. ದಸರಾಕ್ಕ ಬಂದಿದ್ವು, ಯಾರೂ ಒಯ್ಯಲಿಲ್ಲ. ಅಲ್ಲೇ ಒಗದೀನಿ."

"ದಸರಾದಿಂದ ಹೊರಗಽ ಅದಾವು?"

"ಹೂಂ. ಎಲ್ಲಿ ಇಡೂಣ್ರಿ ಮತ್ತ?"

ಚನಮಲ್ಲಪ್ಪ ಹೋಗಿ ದೋಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ನೀರಿಗೆ ಬೆರಳು ಅದ್ದಿದರೆ ಚಳುಕು ಹಲ್ಲಿಗೆ ತಾಗಿತು. ಉದ್ದನೆಯ ಮೈ, ಒಂಟಿ ಬಾಲ, ಬೆನ್ನ ಮೇಲೆ ಇನ್ನೂ ಅಲ್ಲಲ್ಲಿ ಮಣ್ಣಿನ ಬಣ್ಣ ಉಳಿದವು. ಅವನ ನೆರಳು ಬಿದ್ದದ್ದೇ ಬುಡಕ್ಕೆ ಇಳಿದು, ಮತ್ತೆ ಏನಾದರೂ ತಿನ್ನಲು ಇದೆಯೋ ಎಂದು ಮೇಲೆ ಬಂದವು. ಯಾವ ಪುಸ್ತಕವೂ ಇದಕ್ಕಿಂತ ಸರಿಯಾಗಿ ಹೇಳಲಾರದು. ಇಡೀ ಮಾಗಿಯನ್ನು ಬಯಲಲ್ಲಿ ಕಳೆದವಕ್ಕೆ ಪಡಸಾಲೆಯ ಥಂಡಿ ಏನು ಮಾಡೀತು? "ಇವನ್ನಽ ಕೊಡು. ನಾಕು ಸಾಕು. ಇವು ಹೊಲಸ ಬಾಳ ಮಾಡ್ತಾವು, ಸಣ್ಣ ಪೆಟ್ಟಿಗ್ಯಾಗ ಗದ್ದಲ ಬ್ಯಾಡ." ಹೇಳುತ್ತಿರುವವನು ತಾನೇ ಎಂದು ಅವನಿಗೆ ಆಶ್ಚರ್ಯವಾಯಿತು. ನಾಮದೇವ ಚೀಲದಲ್ಲಿ ನೀರು ಹಿಡಿಯುತ್ತ, "ನೋಡ್ರಿ, ಆಮ್ಯಾಲ ನಾಮದೇವ ಕಸಾ ಕೊಟ್ಟ ಅನಬ್ಯಾಡ್ರಿ ಮತ್ತ," ಅಂದ.

ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಒಂದು ಕೈಯಲ್ಲಿ ಮೇಲಿನ ಸಲಾಕೆ, ಇನ್ನೊಂದರಲ್ಲಿ ಗಾಳಿ ತುಂಬಿ ಕಟ್ಟಿದ ಚೀಲ ಹಿಡಿದು, ಕಬ್ಬಿನ ಟ್ರ್ಯಾಕ್ಟರ್ ಎದುರಾದಾಗಲೆಲ್ಲ ಬಸ್ಸು ರಸ್ತೆ ಬಿಟ್ಟು ಕುಕ್ಕುವಾಗ ಚೀಲವನ್ನು ಎದೆಗೆ ಒತ್ತಿಕೊಳ್ಳುತ್ತ ನಿಂತ. ಮಾವನ ಮಗ್ಗದಲ್ಲಿ ಕೆಲಸ ಮಾಡುವವಳೊಬ್ಬಳ ಗಂಡ ಎರಡು ಸೀಟು ಮುಂದಿನಿಂದ ಕತ್ತು ತಿರುಗಿಸಿದ. "ಏನ್ರೀ ಅಳಿಯಾರ, ಮತ್ತ ಒಯ್ಯಾಕತ್ತೀರಿ? ಸಾರ ಮಾಡಾಕೇನ್ರಿ?" ಸುತ್ತಲಿನವರು ನಕ್ಕರು. "ಇಷ್ಟಽ ಇಷ್ಟ ಮೀನಾ, ಮನಿ ಮಂದಿಗೆ ಸಾಕಾಗತೈತೇನ?" ಎಂದು ಒಬ್ಬ ಮುದುಕಿ ನಿಜವಾದ ಕಾಳಜಿಯಿಂದ ಕೇಳಿದಳು. ಕಂಡಕ್ಟರು, "ಮೀನಕ್ಕ ಅರ್ಧಾ ಟಿಕೀಟ ಆಗತೈತ್ರಿ," ಎಂದು ತಾನೂ ಪಾಲು ತೆಗೆದುಕೊಂಡ. ಚನಮಲ್ಲಪ್ಪ ಹಲ್ಲು ಕಿರಿದ. ತಿನ್ನುವ ಮೀನಲ್ಲ ಎಂದು ಹೇಳಬಹುದಿತ್ತು. ತಿನ್ನುವುದಲ್ಲದಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಅಲ್ಲಿಗೆ ಬಂದು ಮಾತು ನಿಲ್ಲುತ್ತಿತ್ತು. ಈ ಮಾತುಗಳೆಲ್ಲ ಯಾರ ಬಾಯಲ್ಲಿ ಹುಟ್ಟಿ ಊರು ತಿರುಗುತ್ತಿವೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಮಗ್ಗದ ಮನೆಯಲ್ಲಿ ಶಿದ್ರಾಮಪ್ಪ ನೂಲಿನ ಎಳೆ ಸರಿಮಾಡುತ್ತ ಒಂದು ಮಾತು ಬಿಡುತ್ತಾನೆ, ಅದು ಸಂಜೆಯೊಳಗೆ ರಬಕವಿ ಮುಟ್ಟುತ್ತದೆ. ಬನಹಟ್ಟಿ ಬರುವವರೆಗೂ ಅವನು ಮಾವನ ಜೊತೆ ಮನಸ್ಸಿನಲ್ಲೇ ಜಗಳವಾಡಿದ. ಅವನ ಜಗಳಗಳಲ್ಲಿ ಮಾವ ಯಾವಾಗಲೂ ಸೋಲುತ್ತಿದ್ದ, ತಲೆ ತಗ್ಗಿಸುತ್ತಿದ್ದ, ಒಮ್ಮೊಮ್ಮೆ ಅಳುತ್ತಲೂ ಇದ್ದ. ಜಗಳ ಮುಗಿದಾಗ ಚೀಲದೊಳಗೆ ನಾಲ್ಕೂ ಮೀನು ಒಂದೇ ಕಡೆ ಮೂತಿ ಮಾಡಿ ಅವನ ಅಂಗಿಯ ಗುಂಡಿ ನೋಡುತ್ತಿದ್ದವು.

ಸಂಜೆ ಚೀಲವನ್ನು ಪೆಟ್ಟಿಗೆಯ ನೀರಿನಲ್ಲಿ ತೇಲಿಬಿಟ್ಟು, ಒಳಗಿನ ನೀರು ಹೊರಗಿನ ನೀರು ಒಂದಾಗಲಿ ಎಂದು ಕಾದು ಕೂತ. ಮಾದೇವಿ ಸೊಂಟದ ಮೇಲೆ ಕೈಯಿಟ್ಟು ದೂರವೇ ನಿಂತಿದ್ದಳು. ಮೊದಲಿನ ಹಾಗೆ ಮೊಣಕಾಲೂರಿ ಕೂರಲಿಲ್ಲ. "ಸಾದಾ ಕಾಣ್ತಾವ್ರಿ," ಅಂದಳು.

"ಸಾದಾನಽ. ಥಂಡಿ ತಾಳ್ತಾವು."

"ತಾಳಿದ್ರ ಆತು." ಸೆರಗು ಸಿಕ್ಕಿಸಿಕೊಳ್ಳುತ್ತ, "ಇವೂ ಸತ್ರ ನನಗ ಹೇಳಬ್ಯಾಡ್ರಿ, ನೀವಽ ತಗದಬಿಡ್ರಿ," ಎಂದು ಒಳಗೆ ಹೋದಳು. ಅವನಿಗೆ ಆ ಮಾತು ಮಾವನ ಎಲ್ಲ ಮಾತಿಗಿಂತ ಆಳಕ್ಕೆ ಹೋಯಿತು. ಇದು ನಮ್ಮದೇನ್ರಿ ಎಂದವಳು ಈಗ ಸಾವಿನಲ್ಲಿ ಪಾಲು ಬೇಡ ಎನ್ನುತ್ತಿದ್ದಾಳೆ. ಚೀಲ ಬಿಚ್ಚಿದ. ನಾಲ್ಕೂ ಹೊರಬಂದು, ಹೊಸ ಮನೆಯ ಮೂಲೆಮೂಲೆ ಮೂಸಿ, ಯಾರ ಹಂಗೂ ಇಲ್ಲದೆ ಈಜತೊಡಗಿದವು. ಊಟದ ಹೊತ್ತಿಗೆ ಶಿದ್ರಾಮಪ್ಪ ಕಂದೀಲು ಹಿಡಿದು ಬಂದು ಬಗ್ಗಿ ಬಹಳ ಹೊತ್ತು ನೋಡಿದ. ಏನಾದರೂ ಅನ್ನುತ್ತಾನೆ ಎಂದು ಚನಮಲ್ಲಪ್ಪ ಹಲ್ಲು ಕಚ್ಚಿ ಕಾದ. ಮಾವ ಏನೂ ಅನ್ನದೆ ಹೋದ. ಅದೂ ಒಂದು ಅವಮಾನವೇ ಅನ್ನಿಸಿತು.

ಬೆಳಗಿನ ಜಾವ ಎಚ್ಚರವಾದಾಗ ಚಳಿ ಕೌದಿಯೊಳಗೆ ಬಂದಿತ್ತು. ದಿನದ ಹಾಗೆ ಮಗ್ಗಗಳು ಶುರುವಾಗುವವರೆಗೆ ಮಲಗಿರಲು ಮನಸ್ಸಾಗಲಿಲ್ಲ. ಸತ್ತಿದ್ದರೆ ಎಲ್ಲರೂ ಏಳುವ ಮೊದಲೇ ತೆಗೆದುಬಿಡಬೇಕು, ಮಾದೇವಿ ಹೇಳಿದ್ದಾಳೆ. ಮಾಳಿಗೆಯ ಮೆಟ್ಟಿಲನ್ನು ಬರಿಗಾಲಲ್ಲಿ ಇಳಿಯುತ್ತ ಬಂದವನು ನಡುವೆಯೇ ನಿಂತ. ಬೆಳಕು ಆಗಷ್ಟೇ ಹರಿಯುತ್ತಿತ್ತು. ಬಚ್ಚಲಲ್ಲಿ ಹಂಡೆಯ ಕೆಳಗೆ ತೊಗರಿ ಕಟ್ಟಿಗೆ ಉರಿಯುವ ವಾಸನೆ. ಪಡಸಾಲೆಯಲ್ಲಿ, ಪೆಟ್ಟಿಗೆಯ ಮುಂದೆ, ಶಿದ್ರಾಮಪ್ಪ ಪಂಜೆ ಸುತ್ತಿಕೊಂಡು ಬರಿಮೈಯಲ್ಲಿ ನಿಂತಿದ್ದ. ಕೊರಳಲ್ಲಿ ಲಿಂಗದ ಕರಡಿಗೆ ತೂಗುತ್ತಿತ್ತು. ಕೈಯಲ್ಲಿ ಹಬೆಯಾಡುವ ತಂಬಿಗೆ. "ಏಳ್ರೆಪಾ," ಎನ್ನುತ್ತಿದ್ದ ಗಾಜಿಗೆ ಬಾಯಿ ಹತ್ತಿರ ತಂದು. "ನಡಗಬ್ಯಾಡ್ರಿ. ಬೆಚ್ಚಗಾಗ್ರಿ ಇಷ್ಟು." ತಂಬಿಗೆ ವಾಲತೊಡಗಿತ್ತು.

ಮೆಟ್ಟಿಲಿನ ಮೇಲೆ ಚನಮಲ್ಲಪ್ಪನಿಗೆ ಮೊದಲು ಬಂದದ್ದು ದುಃಖವಲ್ಲ, ಭಯವಲ್ಲ, ಸಂತೋಷ. ಸಿಕ್ಕಿದ. ಆಗಾಗ ಗಾಜಿನ ಒಳಮೈಗೆ ಹತ್ತಿರುತ್ತಿದ್ದ ಹಬೆಯನ್ನು ತಾನು ಮಂಜು ಎಂದುಕೊಂಡದ್ದು, ಸತ್ತ ಮೀನಿನ ಒಂದು ಬದಿ ಬೆಂದ ಹಾಗೆ ಬಿಳುಚಿದ್ದು, ಎಲ್ಲವೂ ಒಟ್ಟಿಗೆ ತಲೆಯಲ್ಲಿ ಸಾಲುಗಟ್ಟಿ ನಿಂತವು. ಥಂಡಿಯಲ್ಲ. ಥಂಡಿ ಅಲ್ಲವೇ ಅಲ್ಲ! ತಣ್ಣೀರಿನ ಮೂಲೆಯಲ್ಲಿ ಮುದುಡಿದ ಮೀನಿನ ಮೇಲೆ ಜಳಕದ ಕುದಿನೀರು. ಇದನ್ನು ಹೇಳಬೇಕು, ಗುರುಬಸವ್ವನನ್ನು ಎಬ್ಬಿಸಿ ಹೇಳಬೇಕು, ಮಗ್ಗದ ಮನೆಯಲ್ಲಿ ಹೇಳಬೇಕು, ಬಸ್ಸಿನಲ್ಲಿ ನಿಂತು ಹೇಳಬೇಕು: ಮೀನು ಕೊಂದವರು ಇವರು, ಈ ಲಿಂಗವಂತರು. ಎರಡು ಮೆಟ್ಟಿಲು ಹಾರಿ ಇಳಿದು, ತಾನು ಎಂದೂ ಮುಟ್ಟಿರದ ಆ ಕೈಯ ಮಣಿಕಟ್ಟನ್ನು ಹಿಡಿದ. "ಮಾವಾರ, ಬ್ಯಾಡ್ರಿ!"

ಶಿದ್ರಾಮಪ್ಪ ಬೆಚ್ಚಿ ತಿರುಗಿದ. ತಂಬಿಗೆಯಿಂದ ನಾಲ್ಕು ಹನಿ ಅವನ ಕಾಲ ಮೇಲೇ ಚೆಲ್ಲಿದವು. "ಹಾ? ಎದ್ರೇನು? ಏನಿಲ್ರಿ, ಸುಮ್ಮ ಹಿಂಗಽ..." ಕಳ್ಳತನದಲ್ಲಿ ಸಿಕ್ಕ ಹಾಗೆ ಅವನ ಮುಖ ಸಣ್ಣಗಾಯಿತು. ಅಂಥ ಮುಖ ಅವನಿಗೆ ಇದೆ ಎಂದು ಚನಮಲ್ಲಪ್ಪನಿಗೆ ಗೊತ್ತೇ ಇರಲಿಲ್ಲ. "ನಾ ಬಿಸಿನೀರಾಗ ಜಳಕಾ ಮಾಡಿ ಬೆಚ್ಚಗ ಕುಂತ ಲಿಂಗಾ ಹಿಡೀತೀನ್ರಿ. ಎದುರಿಗೆ ಇವು ಮೂಕ ಜೀವ, ಥಂಡ್ಯಾಗ ನಡಗ್ತಿರ್ತಾವು. ಆ ಪೂಜಿ ಶಿವಗ ಮುಟ್ಟತೈತೇನ್ರಿ? ಅದಕ್ಕಽ ಮೊದಲಿನ ತಂಬಿಗಿ ಇವಕ್ಕ ಹಾಕಿ, ಆಮ್ಯಾಲ ನಾ ಎರಕೊಳ್ಳೂದು."

"ದಿನಾ ಹಾಕ್ತೀರೇನ್ರಿ?"

"ಥಂಡಿ ಬಿದ್ದಾಗಿಂದ. ನಿಮ್ಮ ಅತ್ತಿಗೆ ಹೇಳಬ್ಯಾಡ್ರಿ. ಮೀನಕ್ಕ ಕಟ್ಟಿಗಿ ಸುಡ್ತಾನ ಅಂತ ಒದರ್ತಾಳ." ತಗ್ಗಿದ ದನಿಯಲ್ಲಿ, "ನೀವು ಅಷ್ಟ ಜೀವಾ ಹಚಗೊಂಡ ತಂದೀರಿ. ದಿನಾ ಸಾಯ್ತಿದ್ವು. ನನಗೂ ಕಣ್ಣಿಲೆ ನೋಡಾಕ ಆಗಲಿಲ್ಲ," ಅಂದ.

"ಇವಕ್ಕ ಹಾಕಬ್ಯಾಡ್ರಿ," ಎಂದ ಚನಮಲ್ಲಪ್ಪ. ದನಿ ತನ್ನದೇ ಆದರೂ ಎಲ್ಲಿಂದಲೋ ಬಂದ ಹಾಗಿತ್ತು. "ಇವು ಥಂಡ್ಯಾಗ ಇರೂವು. ಒಮ್ಮಿಂದೊಮ್ಮೆ ಬಿಸಿನೀರ ಬಿತ್ತಂದ್ರ ಸತ್ತಽ ಹೋಗ್ತಾವು."

ಹೇಳಿದ ಮೇಲೆ ಆ ಮಾತು ಮಾವನ ಮುಖದೊಳಗೆ ಇಳಿದು ಕೆಲಸ ಮಾಡುವುದನ್ನು ನೋಡುತ್ತ ನಿಂತ. ಶಿದ್ರಾಮಪ್ಪನ ಕಣ್ಣು ನೀರಿನ ಮೇಲೆ ಹೋಯಿತು, ಹಿತ್ತಲ ಬಾಗಿಲಿನ ಕಡೆ ಹೋಯಿತು, ಮತ್ತೆ ತಂಬಿಗೆಯ ಮೇಲೆ ಬಂತು. ಮಗ್ಗಗಳು ಇನ್ನೂ ಶುರುವಾಗಿರಲಿಲ್ಲ. ನೀರು ಅಲುಗದೆ ನಿಂತಿತ್ತು. "ಮತ್ತ," ಎಂದ ಶಿದ್ರಾಮಪ್ಪ. ತುಟಿ ಒಣಗಿರಬೇಕು, ನಾಲಗೆಯಿಂದ ಸವರಿಕೊಂಡ. "ಮತ್ತ ಮೊದಲಿನವು?"

ಇದೇ ಜಗಳವನ್ನು ಅವನು ಎಷ್ಟು ಬಸ್ಸುಗಳಲ್ಲಿ ಆಡಿರಲಿಲ್ಲ! ಮಾತು ಗಂಟಲಲ್ಲಿ ಸಿದ್ಧವಾಗಿತ್ತು, ಎರಡೇ ಶಬ್ದ, ನೀವಽ ಕೊಂದ್ರಿ. ಈ ಸಲ ಅದು ಹಿಂದಕ್ಕೆ ಇಳಿಯಲೂ ಇಲ್ಲ, ನಾಲಗೆಯ ತುದಿಯಲ್ಲೇ ಕೂತಿತ್ತು. ಎದುರಿಗೆ ನಿಂತವನು ಮಾತ್ರ ಆ ಜಗಳದ ಮಾವ ಅಲ್ಲ. ಎದೆಯ ಬಿಳಿಗೂದಲು ಚಳಿಗೆ ನಿಂತ, ಕಾಲ ಮೇಲೆ ಬಿದ್ದ ಕುದಿನೀರನ್ನು ಒರೆಸಿಕೊಳ್ಳಲೂ ಮರೆತ ಯಾರೋ ಒಬ್ಬ ಮುದುಕ. ಬೇಕಾದವನು ಬೇಕಾದ ಹೊತ್ತಿಗೆ ಯಾಕೆ ಇರುವುದಿಲ್ಲ? ತನ್ನ ಸಿಟ್ಟಿಗೆ ನಿಲ್ಲಲು ಜಾಗವಿಲ್ಲದಂತಾಗಿ ಚನಮಲ್ಲಪ್ಪನಿಗೆ ಅಳು ಬರುವಷ್ಟು ಬೇಸರವಾಯಿತು. ಥಂಡಿಗೇ ಸತ್ತವು ಎನ್ನಲೇ? ಎಂದರೆ ಬಿಸಿನೀರು ಒಳ್ಳೆಯದೇ ಎಂದಾಯಿತು, ನಾಳೆ ಇವಕ್ಕೂ ಬೀಳುತ್ತದೆ. ಬಿಸಿನೀರಿಗೆ ಸತ್ತವು ಎಂದರೆ ಈ ಮುದುಕ ಇನ್ನು ಮುಂದೆ ಲಿಂಗ ಹಿಡಿದಾಗಲೆಲ್ಲ ಹೊಟ್ಟೆ ಮೇಲಾದ ಮೀನೇ ಕಾಣುತ್ತದೆ.

"ಅವು ಬ್ಯಾರೆ ಜಾತಿರಿ ಮಾವಾರ," ಎಂದ. "ಬಿಸಲ ಸೀಮಿವು. ಅವಕ್ಕ ಬಿಸಿನೀರ ಬೇಕಽ ಬೇಕಾಗಿತ್ತು. ನೀವು ಹಾಕಿದ್ದು ಸಾಲಲಿಲ್ಲ."

ಶಿದ್ರಾಮಪ್ಪ ಬಿಟ್ಟ ಉಸಿರು ಚಳಿಯಲ್ಲಿ ಹೊಗೆಯಾಗಿ ಕಂಡಿತು. ಅವನ ಮೈ ನೋಡನೋಡುತ್ತ ಮೊದಲಿನ ಅಳತೆಗೆ ಬಂತು. "ಹೌದಽ? ಹಂಗಾರ ಹೇಳಬಾರದೇನ್ರೀ ಅಳಿಯಾರ! ಇನ್ನೊಂದೆರಡು ತಂಬಿಗಿ ಹಾಕ್ತಿದ್ನೆಲ್ಲ! ಹಂಡೆ ತುಂಬ ನೀರ ಇರತೈತಿ. ಎಲ್ಲಾ ಹೊಟ್ಟ್ಯಾಗ ಇಟ್ಕೊಂಡ ಕುಂದರ್ತೀರಿ ನೀವು. ಜೀವಾ ಹೋಗೂದು ಕಂಡ್ರೂ ಬಾಯಿ ಬಿಡೂದಿಲ್ಲ. ಇಂಥಾ ಮನಷ್ಯಾ ಮೀನಾ ಸಾಕತೀನಿ ಅಂತಾನ!" ಗುಟ್ಟಿನ ನೆನಪೂ ಇಲ್ಲದೆ ದನಿ ಏರಿತು. ಒಳಗೆ ಗುರುಬಸವ್ವ ಮಗ್ಗುಲಾದದ್ದು ಕೇಳಿಸಿತು. ಚಾ ಕುಡಿಯುವ ಹೊತ್ತಿಗೆ ಈ ಮಾತು ಮಗ್ಗದ ಮನೆ ಮುಟ್ಟುತ್ತದೆ, ಸಂಜೆಗೆ ರಬಕವಿ: ಅಳಿಯಾರಿಗೆ ತಿಳಿಯಲಿಲ್ಲ, ಮುದುಕ ಬಿಸಿನೀರು ಹಾಕಿ ಹಾಕಿ ದಣಿದ, ಅಳಿಯಾರು ಬಾಯಿ ಬಿಡಲಿಲ್ಲ, ಮೀನು ಸತ್ತವು. ಇನ್ನು ಇದಕ್ಕೆ ಎದುರು ಮಾತಿಲ್ಲ. ತಾನೇ ಕೈಯಾರೆ ಬಾಗಿಲು ಮುಚ್ಚಿ ಚಿಲಕ ಹಾಕಿದ್ದಾಯಿತು. ಪೆಟ್ಟಿಗೆಯಲ್ಲಿ ಒಂದು ಮೀನು ಮೇಲೆ ಬಂದು ಗುಳುಕ್ಕನೆ ಗಾಳಿ ನುಂಗಿ ಕೆಳಗಿಳಿಯಿತು.

"ಮತ್ತ ಈ ನೀರೇನ ಮಾಡೂಣು?" ಶಿದ್ರಾಮಪ್ಪ ತಂಬಿಗೆಯೊಳಗೆ ನೋಡುತ್ತ ಕೇಳಿದ. "ಅವಕ್ಕಂತ ತಂದದ್ದು. ನಾ ಎರಕೊಂಡ್ರ ಸರಿ ಆಗೂದಿಲ್ಲ."

ಚನಮಲ್ಲಪ್ಪ ಅಂಗಳದ ಅಂಚಿಗೆ ನಡೆದು, ಬಗ್ಗಿ, ಎರಡೂ ಕೈ ಜೋಡಿಸಿ ಮುಂದೆ ಚಾಚಿದ. "ನನ್ನ ಕೈ ಮ್ಯಾಲ ಹಾಕ್ರಿ. ಥಂಡಿಗೆ ಸೆಟದಾವು."

ನೀರು ಬಿತ್ತು. ಬೊಗಸೆಯಿಂದ ಹಬೆ ಎದ್ದು ಮುಖಕ್ಕೆ ಬಡಿಯಿತು. ಚರ್ಮ ಮೊದಲು ಏನೂ ತಿಳಿಯದೆ, ಆಮೇಲೆ ಒಮ್ಮೆಲೇ ಎಲ್ಲ ತಿಳಿದು ಉರಿಯಿತು. ಬೆರಳು ತಾವಾಗಿ ಬಿಡಿಸಿಕೊಳ್ಳಲು ಹೊರಟವು. ಅವನು ಬಿಡಲಿಲ್ಲ.

"ಬಾಳ ಸುಡತೈತೇನ್ರಿ?"

"ಇಲ್ರಿ ಮಾವಾರ. ಹದಾ ಐತಿ."

ಶಿದ್ರಾಮಪ್ಪ ತಂಬಿಗೆಯನ್ನು ಇನ್ನಷ್ಟು ಬಗ್ಗಿಸಿದ.